ಆಗ ಯಾರ ಜೀಪು ಓಡುತ್ತಿತ್ತು?

ಆಟಿ ತಿಂಗಳ ಹದಿನೆಂಟರ ದಿನ ನಮ್ಮ ಮನೆಯಲ್ಲಿ ಕರೆಂಟು ಹೋಗಿ ಮೂರು ದಿನವಾಗಿತ್ತು. ಅದೇನೂ ಸುದ್ದಿಯಲ್ಲ. ಆಗಸ್ಟಿನ ಮೊದಲ ವಾರದಲ್ಲಿ ಭಾಗಮಂಡಲದ ಕಡೆ ಕರೆಂಟು ಇದೆ ಎಂದರೆ ಅದು ಸುದ್ದಿ. ಮದ್ದು ಸೊಪ್ಪಿನ ಪಾಯಸ ನೇರಳೆ ಬಣ್ಣಕ್ಕೆ ತಿರುಗಿ ಒಲೆಯ ಮೇಲೆ ಕುದಿಯುತ್ತಿತ್ತು. ಸುಳ್ಯದಿಂದ ಭಾವ ಬಂದಿದ್ದರು. ಭಾವ ಎಂದರೆ ನನ್ನ ಅತ್ತೆಯ ಮಗ, ನನಗಿಂತ ಹತ್ತು ವರ್ಷ ದೊಡ್ಡವರು. ಘಾಟಿಯಲ್ಲಿ ಮಣ್ಣು ಜರಿದರೂ ಸರಿ, ಮರ ಬಿದ್ದರೂ ಸರಿ, ಆ ದಿನ ತಮ್ಮ ಹಳೆಯ ಜೀಪಿನಲ್ಲಿ ಹತ್ತಿ ಬಂದು ಪಾಯಸ ಉಂಡೇ ಹೋಗುವವರು.

ಮಾತು ಮಳೆಯಿಂದ ಶುರುವಾಯಿತು. ಇಲ್ಲಿ ಎಲ್ಲ ಮಾತೂ ಮಳೆಯಿಂದಲೇ ಶುರುವಾಗುತ್ತದೆ. ಕಾಲೇಜಿಗೆ ಹೋಗುವ ನನ್ನ ಮಗಳು, ಧ್ರುವದ ಹಿಮ ಕರಗುತ್ತಿದೆ, ಮಳೆಯ ಲಯ ಕೆಡುವುದೂ ಅದೇ ಬಿಸಿಯಿಂದ ಎಂದಳು. ಭಾವ ಲೋಟ ಕೆಳಗಿಟ್ಟರು.

"ಹಿಮ ಹಿಂದೆಯೂ ಕರಗಿದೆಯಂತಲ್ಲ ಮಗೂ. ಒಂದು ಸಲವಲ್ಲ, ಎಷ್ಟೋ ಸಲ. ಆಗ ಯಾರ ಜೀಪು ಓಡುತ್ತಿತ್ತು?"

ಮಗಳು ನನ್ನ ಮುಖ ನೋಡಿದಳು. ನಾನು ಪಾಯಸದ ಬಟ್ಟಲು ನೋಡಿದೆ. ನಾನು ಓದಿದ್ದು ಬಿ.ಕಾಂ., ಹನ್ನೆರಡು ವರ್ಷ ಮಡಿಕೇರಿಯಲ್ಲಿ ಲೆಕ್ಕ ಬರೆದು, ಆಮೇಲೆ ತೋಟಕ್ಕೆ ಮರಳಿದವನು. ಧ್ರುವದ ಹಿಮಕ್ಕೂ ನನಗೂ ಏನು ಸಂಬಂಧ? ಆದರೆ ಪ್ರಶ್ನೆ ಕೆಟ್ಟದ್ದಾಗಿರಲಿಲ್ಲ. ಕೇಳಿದ ಧಾಟಿ ಮಾತ್ರ ಕೆಟ್ಟದ್ದಾಗಿತ್ತು. ಉತ್ತರ ಗೊತ್ತಿಲ್ಲದೆ ನಿದ್ದೆ ಬರಲಿಲ್ಲ.

ನಮ್ಮಲ್ಲಿ ಸಿಗ್ನಲ್ ಸಿಗುವುದು ಕಾಫಿ ಕಣದ ಮೂಲೆಯ ಸಿಲ್ವರ್ ಓಕ್ ಮರದ ಬುಡದಲ್ಲಿ ಮಾತ್ರ. ಆ ತಿಂಗಳೆಲ್ಲ ಕೊಡೆ ಹಿಡಿದು ಅಲ್ಲಿ ನಿಂತು ಓದಿದ್ದೇನೆ. ಇಂಬಳ ಕಚ್ಚಿದ ಗುರುತು ಇನ್ನೂ ಇದೆ.

ಹಿಮದ ಕಥೆಗೆ ಮೊದಲು ನಮ್ಮ ಅಜ್ಜನ ಮಳೆ ಪುಸ್ತಕದ ಬಗ್ಗೆ ಹೇಳಬೇಕು, ಏಕೆಂದರೆ ನನಗೆ ಒಂದರ ಮೂಲಕ ಇನ್ನೊಂದು ಅರ್ಥವಾಯಿತು. ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕಗಳು, 1958ರಿಂದ. ದಿನವೂ ಬೆಳಿಗ್ಗೆ ಎಂಟಕ್ಕೆ ಅಂಗಳದ ಮಾಪಕದಿಂದ ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ಇಂಚು ಎಷ್ಟು, ಸೆಂಟ್ ಎಷ್ಟು ಎಂದು ಬರೆಯುತ್ತಿದ್ದರು. ನೂರು ಸೆಂಟಿಗೆ ಒಂದು ಇಂಚು. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ಕೊಡಗಿನ ತೋಟಗಳು ಇನ್ನೂ ಹೋಗಿಲ್ಲ. ಅಂಕಿಯ ಪಕ್ಕದಲ್ಲಿ ಒಂದೊಂದು ಸಾಲು: "ಗಾಳಿ. ಏಲಕ್ಕಿ ಮಲೆಯಲ್ಲಿ ಮರ ಬಿತ್ತು." "ಹೂಮಳೆ 1–10. ದೇವರು ದೊಡ್ಡವನು." ಅಜ್ಜ ತೀರಿಕೊಂಡ ಮೇಲೆ ಅಪ್ಪ ಬರೆದರು, ಈಗ ನಾನು ಬರೆಯುತ್ತೇನೆ. ಎಲ್ಲ ಪುಟವೂ ತುಂಬಿದೆ, 1974ರ ಜುಲೈಯ ಹನ್ನೊಂದು ದಿನ ಬಿಟ್ಟು. ಅಲ್ಲಿ ತಾರೀಕು ಇದೆ, ಅಂಕಿ ಇಲ್ಲ. ಮಾಪಕವನ್ನೇ ಕೊಚ್ಚಿಕೊಂಡು ಹೋಗುವಂಥ ಮಳೆ ಬಂದಿರಬೇಕು ಎಂದು ನಾನು ಚಿಕ್ಕಂದಿನಿಂದ ನಂಬಿದ್ದೆ. ಹಾಗೆಂದು ಎರಡು ಮೂರು ಮದುವೆ ಮನೆಗಳಲ್ಲಿ ಬಣ್ಣ ಕಟ್ಟಿ ಹೇಳಿಯೂ ಇದ್ದೇನೆ.

ಈಗ ಕೋಪನ್‌ಹೇಗನ್‌ಗೆ ಹೋಗೋಣ. 1952ರ ಜೂನ್. ವಿಲ್ಲಿ ಡಾನ್ಸ್‌ಗಾರ್ಡ್ ಎಂಬ ವಿಜ್ಞಾನಿ ತನ್ನ ಮನೆಯ ಹುಲ್ಲಿನ ಮೇಲೆ ಖಾಲಿ ಬಿಯರ್ ಬಾಟಲಿ ಇಟ್ಟು, ಬಾಯಿಗೆ ಆಲಿಕೆ ಸಿಕ್ಕಿಸಿ ಮಳೆನೀರು ಹಿಡಿದ. ಅವನು ಅಳೆದದ್ದು ಎಷ್ಟು ಬಿತ್ತು ಎಂಬುದನ್ನಲ್ಲ, ಬಿದ್ದ ನೀರು ಎಂಥದ್ದು ಎಂಬುದನ್ನು. ನೀರಿನೊಳಗಿನ ಆಮ್ಲಜನಕದಲ್ಲಿ ಹಗುರದ್ದು ಹೆಚ್ಚು, ಭಾರದ್ದು ಬಲು ಕಡಿಮೆ. 16 ಮತ್ತು 18 ಎಂದು ಅವುಗಳ ಗುರುತು. ಮೋಡ ಮಳೆ ಸುರಿಸುವಾಗ ಭಾರದ ನೀರು ಮೊದಲು ಇಳಿಯುತ್ತದೆ. ಮೂಟೆ ಹೊತ್ತವರು ಏರು ಸಿಕ್ಕಿದಾಗ ಭಾರದ್ದನ್ನೇ ಮೊದಲು ಇಳಿಸುವುದಿಲ್ಲವೇ, ಹಾಗೆ. ಪಡುವಣದ ಮೋಡ ನಮ್ಮ ಭಾಗಮಂಡಲದಲ್ಲಿ ಹೊಟ್ಟೆ ಬಿರಿಯ ಸುರಿದು, ಮಡಿಕೇರಿಯಲ್ಲಿ ಸ್ವಲ್ಪ ತಗ್ಗಿ, ಕುಶಾಲನಗರಕ್ಕೆ ತಲುಪುವಾಗ ಬರೀ ನೆರಳಾಗಿರುತ್ತದೆ. ಸಮುದ್ರದ ಬಿಸಿನೀರಿನಿಂದ ಎದ್ದ ಆವಿ ಹೀಗೆಯೇ ದಾರಿಯುದ್ದಕ್ಕೂ ಇಳಿಸುತ್ತಾ ಇಳಿಸುತ್ತಾ ಧ್ರುವ ತಲುಪುವ ಹೊತ್ತಿಗೆ ಅದರಲ್ಲಿ ಉಳಿಯುವುದು ಹಗುರದ್ದೇ ಹೆಚ್ಚು. ಚಳಿ ಜಾಸ್ತಿಯಾದಷ್ಟೂ ಬೀಳುವ ಹಿಮ ಇನ್ನೂ ಹಗುರ. ಹಳೆಯ ಹಿಮ ಕೈಗೆ ಸಿಕ್ಕಿದರೆ ಅದು ಬಿದ್ದ ಕಾಲದ ಚಳಿ ಎಷ್ಟಿತ್ತೆಂದು ಹೇಳಬಹುದು ಎಂದು ಅವನಿಗೆ ಹೊಳೆಯಿತು.

ಇದನ್ನು ಓದಿದಾಗ ಅಜ್ಜನಿಗೆ ಆಲಿಕೆ, ಬಾಟಲಿ ಎರಡೂ ಇದ್ದವು, ಆ ಯೋಚನೆಯೊಂದು ಇರಲಿಲ್ಲವಲ್ಲ ಎಂದು ಹೊಟ್ಟೆಯುರಿಯಿತು.

ಲೆಕ್ಕ ಬರೆದವನಿಗೆ ಒಂದು ಪುಸ್ತಕ ಸಾಲದು. ನಗದು ಪುಸ್ತಕ ಬ್ಯಾಂಕ್ ಪಾಸ್‌ಬುಕ್ಕಿನೊಂದಿಗೆ ತಾಳೆಯಾಗಬೇಕು. ಹಿಮಕ್ಕೂ ಅಂಥ ಎರಡನೆಯ ಪುಸ್ತಕವಿದೆ, ಅದು ಸಮುದ್ರದ ತಳದಲ್ಲಿದೆ. ನೆಲದ ಮೇಲೆ ಹಿಮ ರಾಶಿಯಾಗುತ್ತಾ ಹೋದರೆ ಹಗುರದ ನೀರೆಲ್ಲ ಅದರಲ್ಲಿ ಸಿಕ್ಕಿಕೊಂಡು, ಸಮುದ್ರದಲ್ಲಿ ಭಾರದ ಪಾಲು ಏರುತ್ತದೆ. ಆ ನೀರಿನಲ್ಲಿ ಬದುಕುವ, ಸಾಸಿವೆಗಿಂತ ಸಣ್ಣ ಜೀವಿಗಳು ತಮ್ಮ ಸುಣ್ಣದ ಚಿಪ್ಪಿನಲ್ಲಿ ಅದೇ ಪಾಲನ್ನು ಹಿಡಿದಿಟ್ಟು ಸತ್ತು, ಪದರ ಪದರವಾಗಿ ತಳ ಸೇರುತ್ತವೆ. ಈ ಏರಿಳಿತದಲ್ಲಿ ಹೆಚ್ಚಿನದು ಹಿಮದ ಗಾತ್ರದ ಲೆಕ್ಕವೇ ಎಂದು 1967ರಲ್ಲಿ ತೋರಿಸಿದವನು ನಿಕೋಲಸ್ ಶ್ಯಾಕಲ್‌ಟನ್. ಅಂದರೆ ಇಡೀ ಭೂಮಿಯ ಮೇಲೆ ಯಾವ ಕಾಲಕ್ಕೆ ಎಷ್ಟು ಹಿಮವಿತ್ತು ಎಂಬ ಶಿಲ್ಕು ಕೆಸರಿನಲ್ಲಿದೆ. ಇಂಥ ಲೆಕ್ಕಿಗರನ್ನು ನಾನು ಕಂಡಿಲ್ಲ. ಒಂದು ದಿನ ರಜೆ ಹಾಕಿಲ್ಲ, ಒಂದು ಅಂಕಿ ತಿದ್ದಿಲ್ಲ.

ಮೂರನೆಯದು ಗಾಳಿಯ ಲೆಕ್ಕ. ಹಿಮ ಒತ್ತಿ ಗಟ್ಟಿಯಾಗುವಾಗ ನಡುವಿನ ಗಾಳಿ ಗುಳ್ಳೆಯಾಗಿ ಒಳಗೇ ಉಳಿಯುತ್ತದೆ. 1965ರಲ್ಲಿ ಅಂಟಾರ್ಕ್ಟಿಕದಲ್ಲಿದ್ದ ಫ್ರಾನ್ಸಿನ ಕ್ಲೋಡ್ ಲೋರಿಯುಸ್, ಆಳದಿಂದ ತೆಗೆದ ಹಿಮದ ಚೂರನ್ನು ಒಂದು ಸಂಜೆ ವಿಸ್ಕಿಗೆ ಹಾಕಿಕೊಂಡಾಗ ಅದರಿಂದ ಚಟಪಟ ಗುಳ್ಳೆ ಏಳುವುದನ್ನು ಕಂಡ. ಈ ಗಾಳಿ ಹಿಮದಷ್ಟೇ ಹಳೆಯದಲ್ಲವೇ ಎಂದು ಅವನಿಗೆ ತಟ್ಟಿತು. ಆಮೇಲೆ ವೋಸ್ಟೋಕ್ ಎಂಬಲ್ಲಿ 3,623 ಮೀಟರ್ ಆಳದವರೆಗೆ ಕೊರೆದು 4 ಲಕ್ಷ 20 ಸಾವಿರ ವರ್ಷದ, ಡೋಮ್ ಸಿ ಎಂಬಲ್ಲಿ ಕೊರೆದು 8 ಲಕ್ಷ ವರ್ಷದ ಗಾಳಿಯ ಲೆಕ್ಕ ತೆಗೆದರು. ಆ 8 ಲಕ್ಷ ವರ್ಷದಲ್ಲಿ ಇಂಗಾಲದ ಡೈಆಕ್ಸೈಡ್ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 180ರಿಂದ 300ರ ನಡುವೆ ಓಡಾಡಿದೆ. ಚಳಿ ಬಿಗಿದಾಗ ಕೆಳಗೆ, ಸಡಿಲಿದಾಗ ಮೇಲೆ. ಈಗ 420 ದಾಟಿದೆ. ಈ ಅಂಕಿಯನ್ನು ಭಾವನಿಗೆಂದು ಎತ್ತಿಟ್ಟುಕೊಂಡೆ. ವಿಸ್ಕಿಯ ಕಥೆಯನ್ನೂ.

ಭಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹಿಮ ಬಂದಿದೆ, ಹೋಗಿದೆ. ಸುಮಾರು 70 ಕೋಟಿ ವರ್ಷದ ಹಿಂದೆ ಸಮಭಾಜಕದ ಹತ್ತಿರಕ್ಕೂ ಬಂದಿತ್ತು. 30 ಕೋಟಿ ವರ್ಷದ ಹಿಂದೆ ನಮ್ಮ ನಾಡೇ ಗೊಂಡ್ವಾನ ಎಂಬ ಹಳೆಯ ಮಹಾಖಂಡದ ತುಂಡಾಗಿ ದಕ್ಷಿಣ ಧ್ರುವದ ಕಡೆಗಿತ್ತು. ಒಡಿಶಾದ ತಾಲ್ಚೇರ್ ಎಂಬಲ್ಲಿ ನುಣ್ಣನೆಯ ಜೇಡಿಯ ನಡುವೆ ದೊಡ್ಡ ದೊಡ್ಡ ಬಂಡೆಗಳು ಹುದುಗಿರುವುದನ್ನು 1856ರಲ್ಲಿ ಬ್ಲಾನ್‌ಫೋರ್ಡ್ ಸೋದರರು ಕಂಡು, ಇದು ಹಿಮದ ಕೆಲಸ ಎಂದರು. ಸೆಕೆಯ ನಾಡಿನಲ್ಲಿ ಆ ಮಾತು ಆಡಲು ಧೈರ್ಯ ಬೇಕು. ಆದರೆ ಹರಿಯುವ ನೀರು ಸಣ್ಣದನ್ನೂ ದೊಡ್ಡದನ್ನೂ ಬೇರೆ ಬೇರೆ ಮಾಡಿ ಇಳಿಸುತ್ತದೆ. ಜೇಡಿಯನ್ನೂ ಆನೆಗಾತ್ರದ ಕಲ್ಲನ್ನೂ ಒಟ್ಟಿಗೆ ಹೊತ್ತು ಒಟ್ಟಿಗೆ ಬಿಸಾಡುವುದು ಹಿಮಕ್ಕೆ ಒಗ್ಗಿದ ಕೆಲಸ. ನಮ್ಮ ಕೊಡಗಿನ ಕಲ್ಲು ಅದಕ್ಕೂ ಎಷ್ಟೋ ಹಿಂದಿನದು, 300 ಕೋಟಿ ವರ್ಷಕ್ಕಿಂತ ಹಳೆಯದು. ಮನೆಯ ಹಿಂದಿನ ಬಂಡೆ ಇದನ್ನೆಲ್ಲ ನೋಡಿದೆ. ಅದರ ಮೇಲೆ ನಾವು ಕರಿಮೆಣಸು ಒಣಗಿಸುತ್ತೇವೆ.

ಆಮೇಲೆ ಕೋಟ್ಯಂತರ ವರ್ಷ ಧ್ರುವಗಳಲ್ಲಿ ಹೇಳಿಕೊಳ್ಳುವಂಥ ಹಿಮವಿರಲಿಲ್ಲ. 2017ರಲ್ಲಿ ಪಶ್ಚಿಮ ಅಂಟಾರ್ಕ್ಟಿಕದ ಕಡಲ ತಳದಿಂದ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನವರು ಎತ್ತಿದ ಮಣ್ಣಿನಲ್ಲಿ ಬೇರುಗಳು ಹೆಣೆದುಕೊಂಡು ಹಾಗೆಯೇ ಉಳಿದಿದ್ದವು, ಪರಾಗವೂ ಇತ್ತು. ಸುಮಾರು 9 ಕೋಟಿ ವರ್ಷದ ಹಿಂದಿನ ಮಳೆಕಾಡು. ವರ್ಷಕ್ಕೆ ನಾಲ್ಕು ತಿಂಗಳು ಸೂರ್ಯನ ಮುಖ ಕಾಣದ ಜಾಗದಲ್ಲಿ ಮಳೆಕಾಡು! ನಮಗೆ ಜುಲೈ ಒಂದೇ ತಿಂಗಳಲ್ಲಿ ಸೂರ್ಯ ಕಾಣದಿದ್ದರೆ ಕಾಫಿ ಕೊಳೆರೋಗ ಬಂದು ಎಲೆ ಕಪ್ಪಾಗುತ್ತದೆ.

ಇನ್ನೊಂದು ಕಥೆ ನಮ್ಮ ಕೊಟ್ಟಿಗೆಯದೇ. ಕೊಟ್ಟಿಗೆಯ ಹಿಂದೆ ಟಾರ್ಪಾಲು ಹಾಸಿದ ಗುಂಡಿಯಲ್ಲಿ ನಾನು ಅಜೋಲಾ ಬೆಳೆಸುತ್ತೇನೆ. ನೀರಿನ ಮೇಲೆ ತೇಲುವ, ಉಗುರಿನಷ್ಟು ಅಗಲದ ಜರಿ ಗಿಡ. ಅಂಗೈಯಲ್ಲಿ ಹಿಡಿದರೆ ಹಸಿರು ಜಮಖಾನದ ಚೂರಿನಂತಿರುತ್ತದೆ, ಕೆಳಗೆ ಕೂದಲಿನಂಥ ಬೇರು. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಜೀವಿಯೊಂದು ಅದರ ಎಲೆಯೊಳಗೇ ಬಿಡಾರ ಹೂಡಿರುವುದರಿಂದ ಗೊಬ್ಬರ ಕೇಳುವುದಿಲ್ಲ. ಒಂದು ಬುಟ್ಟಿ ತೆಗೆದರೆ ಕೆಲವೇ ದಿನಗಳಲ್ಲಿ ಗುಂಡಿ ಮತ್ತೆ ಮುಚ್ಚುತ್ತದೆ. ಹಸುಗಳಿಗೆ ಮೊದಮೊದಲು ಬೇಡ, ಈಗ ಅದಿಲ್ಲದೆ ಆಗದು. 2004ರಲ್ಲಿ ಉತ್ತರ ಧ್ರುವದಿಂದ ಸುಮಾರು 250 ಕಿಲೋಮೀಟರ್ ದೂರದಲ್ಲಿ ಹಿಮ ಒಡೆಯುವ ಹಡಗುಗಳ ಕಾವಲಿನಲ್ಲಿ ಕಡಲ ತಳ ಕೊರೆದಾಗ ಸಿಕ್ಕಿದ್ದು ಇದೇ ಅಜೋಲಾ, ಮೀಟರುಗಟ್ಟಲೆ ದಪ್ಪದ ಪದರದಲ್ಲಿ. 4 ಕೋಟಿ 90 ಲಕ್ಷ ವರ್ಷದ ಹಿಂದೆ ಆರ್ಕ್ಟಿಕ್ ಸಾಗರ ಬಹುಮಟ್ಟಿಗೆ ನೆಲದಿಂದ ಸುತ್ತುವರಿದು, ಮೇಲ್ಪದರದಲ್ಲಿ ಸಿಹಿನೀರು ನಿಂತು, ನಮ್ಮ ಗುಂಡಿಯ ಹಾಗೆ ಹಸಿರು ಮುಚ್ಚಿಕೊಂಡಿತ್ತು. ಸುಮಾರು 8 ಲಕ್ಷ ವರ್ಷ ಹೀಗೆ ಬೆಳೆದು ಸತ್ತು ತಳ ಸೇರುತ್ತಾ ಗಾಳಿಯ ಇಂಗಾಲವನ್ನು ತನ್ನೊಂದಿಗೆ ಹೂತುಕೊಂಡಿತು. ಭೂಮಿ ತಣ್ಣಗಾಗಲು ಇದೂ ಒಂದು ಕಾರಣ ಎಂದು ಕೆಲವರ ವಾದ. ನಾನಂತೂ ಅಂದಿನಿಂದ ಆ ಗುಂಡಿಗೆ ಸ್ವಲ್ಪ ಮರ್ಯಾದೆ ಕೊಡುತ್ತಿದ್ದೇನೆ.

ಅಂಟಾರ್ಕ್ಟಿಕಕ್ಕೆ ದೊಡ್ಡ ಹಿಮ ಬಂದದ್ದು 3 ಕೋಟಿ 40 ಲಕ್ಷ ವರ್ಷದ ಹಿಂದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತಾ ಬಂದಿತ್ತು. ಆಸ್ಟ್ರೇಲಿಯ ಮತ್ತು ದಕ್ಷಿಣ ಅಮೆರಿಕ ದೂರ ಸರಿದು ಸುತ್ತಲೂ ತಣ್ಣೀರಿನ ಹೊನಲು ಹರಿಯಲು ದಾರಿಯಾಗುತ್ತಿತ್ತು. ಎತ್ತರದ ಬೆಟ್ಟಗಳ ತಲೆಯಲ್ಲಿ ಕಟ್ಟಿದ ಹಿಮ ಇಳಿದು ಇಳಿದು ಖಂಡವನ್ನೇ ಮುಚ್ಚಿತು. ಉತ್ತರದಲ್ಲಿ ಅಂಥ ಹಿಮ ನೆಲೆ ನಿಂತದ್ದು ತೀರ ಈಚೆಗೆ, ಸುಮಾರು 27 ಲಕ್ಷ ವರ್ಷದ ಹಿಂದೆ.

ಅಲ್ಲಿಂದ ಇತ್ತೀಚಿನವರೆಗೂ ಹಿಮ ಬರುವುದು ಹೋಗುವುದು ಒಂದು ಲಯದಲ್ಲಿ ನಡೆದಿದೆ. ಲಯವನ್ನು ಲೆಕ್ಕ ಹಾಕಿದವನು ಸೆರ್ಬಿಯದ ಮಿಲುಟಿನ್ ಮಿಲಾಂಕೋವಿಚ್. ಮೊದಲ ಮಹಾಯುದ್ಧ ಶುರುವಾದಾಗ ಹೊಸದಾಗಿ ಮದುವೆಯಾಗಿದ್ದವನನ್ನು ಶತ್ರು ದೇಶದವನೆಂದು ಹಿಡಿದು, ಆಮೇಲೆ ಬುಡಾಪೆಸ್ಟಿನಲ್ಲಿ ಇರಿಸಿದ್ದರು. ಅಲ್ಲಿನ ಗ್ರಂಥಾಲಯದಲ್ಲಿ ಕುಳಿತು ಲೆಕ್ಕ ಮಾಡಿದ. ಬುಗುರಿ ತಿರುಗುವಾಗ ತಲೆದೂಗುತ್ತದಲ್ಲ, ಭೂಮಿಯೂ ಹಾಗೆಯೇ. ಅದರ ವಾಲು 41,000 ವರ್ಷಕ್ಕೊಮ್ಮೆ ಹೆಚ್ಚಿ ಇಳಿಯುತ್ತದೆ, ತಲೆದೂಗುವಿಕೆಗೆ ಸುಮಾರು 23,000 ವರ್ಷದ ಆವರ್ತ, ಸೂರ್ಯನ ಸುತ್ತಿನ ದಾರಿ ಉದ್ದುದ್ದವಾಗಿ ಮತ್ತೆ ದುಂಡಾಗಲು ಒಂದು ಲಕ್ಷ ವರ್ಷ. ಇದರಿಂದ ಉತ್ತರದ ಬೇಸಿಗೆಗೆ ಸಿಗುವ ಬಿಸಿಲು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಹಿಮ ಬೆಳೆಯಲು ಕಡು ಚಳಿಗಾಲ ಬೇಕೆಂದು ನಾನು ತಿಳಿದಿದ್ದೆ. ಅಲ್ಲವಂತೆ, ಬೇಕಾದದ್ದು ಸಪ್ಪೆ ಬೇಸಿಗೆ. ಕಾಫಿ ಕಣದ ಮುಂದೆ ನಿಂತೇ ಓದುತ್ತಿದ್ದುದರಿಂದ ತಕ್ಷಣ ತಲೆಗೆ ಹೋಯಿತು. ಕಣದಲ್ಲಿ ಹರಡಿದ ಕಾಫಿ ಒಣಗುವ ಮೊದಲೇ ಮುಂದಿನ ಕೊಯ್ಲು ಬಂದುಬಿಟ್ಟರೆ ಏನಾಗುತ್ತದೆ? ಒಂದರ ಮೇಲೊಂದು ರಾಶಿ. ಹೋದ ವರ್ಷದ ಹಿಮ ಬೇಸಿಗೆಯಲ್ಲಿ ಕರಗಿ ಮುಗಿಯದೆ ಈ ವರ್ಷದ್ದು ಮೇಲೆ ಬಿದ್ದರೆ ಹಾಗೆಯೇ ರಾಶಿ. 1976ರಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಕೆಸರಿನ ಚಿಪ್ಪುಗಳಲ್ಲಿ ಈ ಆವರ್ತಗಳೇ ಕಾಣಿಸಿಕೊಂಡು ಮಿಲಾಂಕೋವಿಚನ ಲೆಕ್ಕ ತಾಳೆಯಾಯಿತು. ಅಷ್ಟರಲ್ಲಿ ಅವನು ತೀರಿಕೊಂಡು ಹದಿನೆಂಟು ವರ್ಷವಾಗಿತ್ತು.

ಹಾಗಾದರೆ ಭಾವನ ಪ್ರಶ್ನೆಗೆ ಉತ್ತರ: ಜೀಪು ಇರಲಿಲ್ಲ, ಭೂಮಿ ವಾಲಿತ್ತು.

ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಈಚಿನ ಹತ್ತು ಲಕ್ಷ ವರ್ಷದ ಹಿಮದ ಏರಿಳಿತವನ್ನು ಗೆರೆ ಎಳೆದು ನೋಡಿದರೆ ಗರಗಸದ ಹಲ್ಲಿನಂತಿದೆ. ಏರುವುದು ನಿಧಾನ, 80–90 ಸಾವಿರ ವರ್ಷ. ಇಳಿಯುವುದು ಧಡಾರನೆ, ಹತ್ತು ಸಾವಿರದ ಆಸುಪಾಸು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಅಷ್ಟೇನೂ ದೊಡ್ಡದಲ್ಲ ಎಂಬುದೇ ಸೋಜಿಗ. ಭೂಮಿ ವಾಲುವುದರಿಂದ ಇಡೀ ವರ್ಷದ ಬಿಸಿಲಿನ ಮೊತ್ತ ಬದಲಾಗುವುದೇ ಇಲ್ಲವೆನ್ನುವಷ್ಟು ಕಡಿಮೆ, ಹಂಚಿಕೆ ಮಾತ್ರ ಬದಲಾಗುತ್ತದೆ. ಉಳಿದದ್ದನ್ನು ಹಿಮ ತಾನೇ ಮಾಡಿಕೊಳ್ಳುತ್ತದೆ. ಬಿಳಿ ಹೋದಲ್ಲಿ ಕಪ್ಪು ನೆಲ ಬಿಸಿಲು ಕುಡಿಯುತ್ತದೆ. ಸಮುದ್ರ ಬಿಸಿಯಾಗಿ ಇಂಗಾಲದ ಡೈಆಕ್ಸೈಡ್ ಹೊರಬಿಟ್ಟು ಇನ್ನಷ್ಟು ಬಿಸಿ ಮಾಡುತ್ತದೆ. ಇನ್ನೊಂದು ಮಡಿಕೇರಿಯವರಿಗೆಲ್ಲ ಗೊತ್ತಿರುವುದೇ. ಮಡಿಕೇರಿಯಲ್ಲಿ ಸ್ವೆಟರ್ ಹಾಕಿಕೊಂಡು ಬಸ್ ಹತ್ತಿದವರು ಸಂಪಾಜೆಗೆ ಇಳಿಯುವಷ್ಟರಲ್ಲಿ ಬಿಚ್ಚಿ ಮಡಿಲಲ್ಲಿಟ್ಟಿರುತ್ತಾರೆ. ಕಿಲೋಮೀಟರುಗಟ್ಟಲೆ ದಪ್ಪದ ಹಿಮದ ನೆತ್ತಿಯೂ ಮಡಿಕೇರಿಯೇ. ಕರಗಿ ಕುಸಿದಂತೆ ಅದು ಸಂಪಾಜೆಯ ಕಡೆಗೆ ಇಳಿಯುತ್ತದೆ, ಇಳಿದಷ್ಟೂ ಬೆಚ್ಚಗಿನ ಗಾಳಿ ಸಿಗುತ್ತದೆ, ಇನ್ನೂ ಕರಗುತ್ತದೆ.

ಸುಮಾರು 21 ಸಾವಿರ ವರ್ಷದ ಹಿಂದೆ, ಹಿಮ ಕೊನೆಯ ಬಾರಿ ತುತ್ತತುದಿ ಮುಟ್ಟಿದಾಗ, ಕೆನಡಾದ ಮೇಲೆ ಕೆಲವೆಡೆ 3 ಕಿಲೋಮೀಟರಿಗೂ ಮಿಕ್ಕಿ ದಪ್ಪವಿತ್ತು. ನಮ್ಮ ತಡಿಯಂಡಮೋಳ್ 1,748 ಮೀಟರ್, ಕಡಲ ಮಟ್ಟದಿಂದ ಅಳೆದು. ನೀರೆಲ್ಲ ಹಾಗೆ ನೆಲದ ಮೇಲೆ ಸಿಕ್ಕಿಕೊಂಡಿದ್ದರಿಂದ ಸಮುದ್ರ 120 ಮೀಟರಿಗಿಂತ ಹೆಚ್ಚು ಕೆಳಗಿತ್ತು. ಮಂಗಳೂರಿನ ದಡದಲ್ಲಿ ನಿಂತರೆ ಕಡಲು ಕಾಣುತ್ತಿರಲಿಲ್ಲ, ಹತ್ತಾರು ಕಿಲೋಮೀಟರ್ ಪಡುವಣಕ್ಕೆ ನಡೆಯಬೇಕಿತ್ತು. ಇಲ್ಲಿ ಹಿಮವಿರಲಿಲ್ಲ, ಆದರೆ ಮಳೆ ಸೊರಗಿತ್ತು. ನೀಲಗಿರಿಯ ಜೌಗಿನಲ್ಲಿ ಕೊಳೆತು ನಿಂತ ಕಪ್ಪು ಮಣ್ಣನ್ನು ಪದರ ಪದರವಾಗಿ ತೆಗೆದು ಆರ್. ಸುಕುಮಾರ್ ಮತ್ತು ಜೊತೆಯವರು 1993ರಲ್ಲಿ ಪ್ರಕಟಿಸಿದ ಲೆಕ್ಕ ಅದನ್ನು ಹೇಳುತ್ತದೆ. ಆ ಒಣ ಕಾಲದಲ್ಲಿ ಬೆಟ್ಟಗಳಲ್ಲಿ ಹುಲ್ಲಿನದೇ ರಾಜ್ಯ. ಹಿಮ ಹಿಂದೆ ಸರಿದು ಮುಂಗಾರು ಬಲಿತಾಗ ಶೋಲಾ ಕಾಡಿಗೆ ಕಸುವು ಬಂತು. ತಲಕಾವೇರಿಯ ಮೆಟ್ಟಿಲು ಹತ್ತಿ ಬ್ರಹ್ಮಗಿರಿಯ ನೆತ್ತಿಯಲ್ಲಿ ನಿಂತರೆ ನಾಲ್ಕೂ ಕಡೆ ಹುಲ್ಲು, ಕಣಿವೆಗಳ ಮಡಿಕೆಯಲ್ಲಿ ಮಾತ್ರ ಕಪ್ಪಗೆ ಕಾಡು. ಅದನ್ನು ನೋಡುತ್ತಾ ಬೆಳೆದವನಿಗೆ, ಆ ಹುಲ್ಲು ಮತ್ತು ಕಾಡಿನ ನಡುವಿನ ಅಂಚು ಕೆನಡಾದ ಹಿಮಕ್ಕೆ ತಕ್ಕಂತೆ ಹಿಂದೆ ಮುಂದೆ ಸರಿದಿರಬಹುದು ಎಂದು ಯಾರೂ ಹೇಳಿರಲಿಲ್ಲ.

ಆ ಹಿಮ ಕರಗುವಾಗಲೂ ಒಂದೇ ಹದದಲ್ಲಿ ಕರಗಲಿಲ್ಲ. ಸುಮಾರು 14,600 ವರ್ಷದ ಹಿಂದೆ ನಾಲ್ಕೈದು ನೂರು ವರ್ಷಗಳೊಳಗೆ ಸಮುದ್ರ ಹತ್ತು ಮೀಟರಿಗೂ ಹೆಚ್ಚು ಏರಿತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಬೆಟ್ಟಗಳು ಜರಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾರಗಟ್ಟಲೆ ನೀರು ಕುಡಿದು ಸುಮ್ಮನಿದ್ದ ಗುಡ್ಡ, ಹೋಗುವಾಗ ಹೇಳಿ ಹೋಗಲಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗಾಜಿನ ಭರಣಿಗಳ ಕಥೆ. ಗ್ರೀನ್‌ಲ್ಯಾಂಡಿನ ಹಿಮದೊಳಗೆ 1959ರಲ್ಲಿ ಅಮೆರಿಕದ ಸೇನೆ ಸುರಂಗ ಕೊರೆದು ಕ್ಯಾಂಪ್ ಸೆಂಚುರಿ ಎಂಬ ಊರನ್ನೇ ಕಟ್ಟಿತು, ಸಣ್ಣದೊಂದು ಅಣು ವಿದ್ಯುತ್ ಘಟಕದ ಸಮೇತ. ಹೊರಗೆ ಹೇಳಿಕೊಂಡದ್ದು ವಿಜ್ಞಾನ, ಒಳಗೆ ಇದ್ದ ಯೋಜನೆ ಕ್ಷಿಪಣಿ ಬಚ್ಚಿಡುವುದು. ಹಿಮ ನಿಂತಲ್ಲಿ ನಿಲ್ಲುವ ವಸ್ತುವಲ್ಲ, ಸುರಂಗಗಳನ್ನು ಹಿಸುಕತೊಡಗಿತು, ಯೋಜನೆ ಕೈಬಿಟ್ಟರು. ತೋರಿಕೆಯ ವಿಜ್ಞಾನ ಮಾತ್ರ ನಿಜವಾಯಿತು. 1966ರಲ್ಲಿ ಸುಮಾರು 1,390 ಮೀಟರ್ ಹಿಮ ಕೊರೆದು ತಳ ಮುಟ್ಟಿ, ಅದರಡಿಯ ಮೂರೂವರೆ ಮೀಟರಿನಷ್ಟು ಹೆಪ್ಪುಗಟ್ಟಿದ ಮಣ್ಣನ್ನೂ ತೆಗೆದರು. ಹಿಮವನ್ನು ಪರೀಕ್ಷಿಸಿದವನು ಅದೇ ಬಿಯರ್ ಬಾಟಲಿಯ ಡಾನ್ಸ್‌ಗಾರ್ಡ್. ಮಣ್ಣನ್ನು ಯಾರೂ ಕೇಳಲಿಲ್ಲ. ಭರಣಿಗಳಲ್ಲಿ ತುಂಬಿ ಶೈತ್ಯಾಗಾರದಲ್ಲಿಟ್ಟು ಮರೆತರು. ಅಮೆರಿಕದಿಂದ ಡೆನ್ಮಾರ್ಕಿಗೆ ಸಾಗಿಸಿದರು, ಅಲ್ಲೂ ಮರೆತರು. ಅರ್ಧ ಶತಮಾನದ ಮೇಲೆ ಸಾಮಾನು ಸರಿಸುವಾಗ ಸಿಕ್ಕಿತು. ಉಪ್ಪಿನಕಾಯಿ ಭರಣಿಯನ್ನು ಅಟ್ಟದಲ್ಲಿಟ್ಟು ಮರೆಯುವ ನಮ್ಮ ಮನೆಯವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. 2019ರಲ್ಲಿ ಆ ಮಣ್ಣನ್ನು ತೊಳೆದು ನೋಡಿದರೆ ನೀರಿನ ಮೇಲೆ ಕಪ್ಪು ಕಪ್ಪಾಗಿ ಏನೋ ತೇಲಿತು. ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಕಡ್ಡಿ, ಎಲೆ, ಪಾಚಿ.

ಒಂದೂವರೆ ಕಿಲೋಮೀಟರಿನಷ್ಟು ಹಿಮದ ಅಡಿಯಲ್ಲಿ ಎಲೆ! ಅಲ್ಲಿ ಒಂದು ಕಾಲದಲ್ಲಿ ಹಿಮವೇ ಇರಲಿಲ್ಲ ಎಂದಲ್ಲದೆ ಬೇರೆ ಅರ್ಥವಿಲ್ಲ. ಮರಳಿನ ಕಣ ಕೊನೆಯ ಬಾರಿ ಬಿಸಿಲು ಕಂಡದ್ದು ಯಾವಾಗ ಎಂದು ಅಳೆಯುವ ವಿಧಾನದಿಂದ 2023ರಲ್ಲಿ ಹೊರಬಿದ್ದ ಉತ್ತರ: ಸುಮಾರು 4 ಲಕ್ಷ 16 ಸಾವಿರ ವರ್ಷದ ಹಿಂದೆ. ಅದು ಎರಡು ಹಿಮಕಾಲಗಳ ನಡುವಿನ, ದೀರ್ಘವಾಗಿ ಎಳೆದ ಒಂದು ಬೆಚ್ಚನೆಯ ಕಾಲ. ಆಗ ಗಾಳಿಯ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು? ಡೋಮ್ ಸಿ ಪುಸ್ತಕ ತೆರೆದು ನೋಡಿದರೆ ಸುಮಾರು 280. ನಾನು ಕೊಡೆ ಮಡಚಿ ಮರಕ್ಕೆ ಒರಗಿ ನಿಂತೆ. 280ಕ್ಕೇ, ನಿಧಾನಕ್ಕೆ, ಗ್ರೀನ್‌ಲ್ಯಾಂಡಿನ ಆ ಮೂಲೆ ಬರಿದಾಗಿತ್ತು. 1,29,000ದಿಂದ 1,16,000 ವರ್ಷದ ಹಿಂದಿನ ಇನ್ನೊಂದು ಬೆಚ್ಚನೆಯ ಕಾಲದಲ್ಲಿಯೂ ಗಾಳಿಯ ಲೆಕ್ಕ ಹೆಚ್ಚುಕಡಿಮೆ ಅಷ್ಟೇ, ಸಮುದ್ರ ಮಾತ್ರ ಈಗಿನದಕ್ಕಿಂತ 6ರಿಂದ 9 ಮೀಟರ್ ಮೇಲಿತ್ತು. 400ರ ಹತ್ತಿರದ ಅಂಕಿ ಬೇಕೆಂದರೆ 30 ಲಕ್ಷ ವರ್ಷ ಹಿಂದಕ್ಕೆ ಹೋಗಬೇಕು, ಆಗಿನ ಸಮುದ್ರ ಅದಕ್ಕೂ ಎತ್ತರ. ಹಿಮಕಾಲ ಮುಗಿಯುವಾಗ 180ರಿಂದ 260 ದಾಟಲು ಆರೇಳು ಸಾವಿರ ವರ್ಷ ಹಿಡಿಯಿತು. ನಾವು 280ರಿಂದ 420 ಮಾಡಿದ್ದು ಇನ್ನೂರು ವರ್ಷದೊಳಗೆ, ಅದರಲ್ಲಿ ಹೆಚ್ಚಿನದು ಭಾವನ ಜೀಪು ಹೊಸದಾಗಿದ್ದಾಗಿನಿಂದ ಈಚೆಗೆ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತಕ್ಕೆ ಭಾವ ಬಂದಾಗ ಹಿಡಿದು ಕೂರಿಸಿದೆ. ವಿಸ್ಕಿಯಿಂದಲೇ ಶುರು ಮಾಡಿದೆ, ಅದು ಫಲಿಸಿತು. ಕೇಳಿದರು. ನಡುವೆ ಒಂದೆರಡು ಸಲ "ಅದು ಹೇಗೆ ಗೊತ್ತು?" ಎಂದರು. ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದರು. ಒಂದೇ ಪುಸ್ತಕ ನಂಬಬಾರದು, ತಾಳೆ ನೋಡಬೇಕು ಎಂದು ನಾನು ಗತ್ತಿನಿಂದ ಹೇಳಿದೆ. ಭರಣಿಯ ಮಣ್ಣಿಗೆ ಬಂದಾಗ ನನಗೆ ಉಮೇದು ಏರಿತು. "ಲೆಕ್ಕದಲ್ಲಿ ಖಾಲಿ ಬಿಟ್ಟ ಜಾಗವೂ ಮಾತಾಡುತ್ತದೆ ಭಾವ. ಹಿಮ ಇಲ್ಲದ ಜಾಗವೇ ಅಲ್ಲಿನ ಸುದ್ದಿ" ಎಂದು ಒಳಗಿನಿಂದ ಅಜ್ಜನ 1974ರ ಪುಸ್ತಕ ತಂದು ಹನ್ನೊಂದು ಖಾಲಿ ಸಾಲುಗಳನ್ನು ತೋರಿಸಿದೆ. "ಇಲ್ಲಿ ನೋಡಿ. ಅಂಕಿ ಇಲ್ಲ. ಆದರೆ ಏನಾಗಿರಬೇಕು ಎಂದು ಗೊತ್ತಾಗುತ್ತದೆ. ಮಾಪಕವೇ ಕೊಚ್ಚಿಹೋಗುವಂಥ ಮಳೆ."

ಭಾವ ಕನ್ನಡಕ ಹಾಕಿಕೊಂಡು ಪುಟವನ್ನು ಬಹಳ ಹೊತ್ತು ನೋಡಿದರು. ಮುಖದಲ್ಲಿ ಏನೋ ಮೆಲ್ಲಗೆ ಅರಳಿತು.

"ಮಳೆಯೂ ಇಲ್ಲ, ಮಣ್ಣೂ ಇಲ್ಲ. ಆ ವರ್ಷ ನಾನು ಆಟಿಗೆ ಮೊದಲೇ ಇಲ್ಲಿಗೆ ಬಂದಿದ್ದೆ. ಅಳತೆಯ ಗ್ಲಾಸ್ ಒಡೆದವನು ನಾನು. ಏಡಿ ಹಿಡಿಯಲು ತೆಗೆದುಕೊಂಡು ಹೋಗಿದ್ದೆ. ಮಡಿಕೇರಿಯಿಂದ ಹೊಸದು ಬರಲು ಅಷ್ಟು ದಿನ ಹಿಡಿಯಿತು. ಅಜ್ಜ ನನ್ನನ್ನು ಬೈಯಲಿಲ್ಲ. ದಿನವೂ ಬೆಳಿಗ್ಗೆ ಎಂಟಕ್ಕೆ ಪಕ್ಕದಲ್ಲಿ ಕೂರಿಸಿಕೊಂಡು, ತಾರೀಕು ಬರೆದು, ಮುಂದೆ ಏನೂ ಬರೆಯದೆ ಪುಸ್ತಕ ಮುಚ್ಚುತ್ತಿದ್ದರು."

ಮಗಳು ಒಳಗಿನಿಂದ ಪೆನ್ಸಿಲ್ ತಂದು ಕೊಟ್ಟಳು. 1974ರ ಜುಲೈಯ ಅಂಚಿನಲ್ಲಿ ಭಾವ ತಮ್ಮ ಕೈಯಾರೆ ಬರೆದರು: "ಗ್ಲಾಸ್ ಒಡೆದಿತ್ತು." ಕೆಳಗೆ ಸಹಿ ಹಾಕಿ, ಅಂದಿನ ತಾರೀಕನ್ನೂ ಹಾಕಿದರು.